ಕಡ ತಂದ ಮೂಗು

ಒಜುರ್ಗೇತಿಯ ಮೇಲಿನ ಗುಡ್ಡದಲ್ಲಿ ನಮ್ಮ ಮನೆ.
ಅಟ್ಟದಲ್ಲಿ ಹಾಸಿದ ಹಳೆಯ ದುಪ್ಪಟಿಗಳ ಮೇಲೆ
ನಿನ್ನೆ ಸಂಜೆ ಚಿವುಟಿದ ಎಲೆ. ಎರಡೆಲೆ, ಒಂದು ಕುಡಿ,
ಅದಕ್ಕಿಂತ ಒಂದು ಕಡ್ಡಿ ಹೆಚ್ಚಿಲ್ಲ.
ರಾತ್ರಿಯಿಡೀ ಬಾಡಿದೆ.
ಸತ್ತಿದೆ ಅನ್ನಬೇಡ, ಎನ್ನುತ್ತಾಳೆ ಲಮಾರಾ ಅತ್ತೆ,
ನೀರು ಬಿಡುತ್ತ ಬಿಡುತ್ತ ಎಲೆ ತನ್ನೊಳಗಿನ ಗಂಟು ಸಡಿಲಿಸುತ್ತದೆ,
ಸಕ್ಕರೆಗೆ ಕಟ್ಟಿಬಿದ್ದ ಕಂಪು ಕಳಚಿಕೊಳ್ಳುತ್ತದೆ.
ಹಿಡಿಯಲ್ಲಿ ಒತ್ತಿಬಿಟ್ಟರೆ ಮುದ್ದೆ ಹಾಗೇ ನಿಲ್ಲಬೇಕು,
ತೊಟ್ಟು ಮಡಿಚಿದರೆ ಚಟ್ ಎನ್ನಬಾರದು.

ಇಪ್ಪತ್ತೆರಡು ವರ್ಷ ಅವಳು
ಕೆಳಗಿನ ಕಾರ್ಖಾನೆಯಲ್ಲಿ ರುಚಿ ನೋಡುವವಳು.
ಯಂತ್ರ ಗುಡ್ಡದ ತಲೆ ಬೋಳಿಸಿ
ಎಲೆ, ಕಡ್ಡಿ, ಕಳೆ, ಒಮ್ಮೆ ಯಾರದೋ ಕೈಗವಸು
ಎಲ್ಲವನ್ನೂ ತಂದು ಸುರಿಯುತ್ತಿತ್ತು.
ಬಾಡಲು ಹದಿನಾಲ್ಕು ಗಂಟೆ ಬೇಕು,
ಮಾಸ್ಕೋದ ಲೆಕ್ಕಕ್ಕೆ ನಾಲ್ಕೇ ಸಾಕು.
ಬಿಸಿಗಾಳಿ ಊದಿದರು. ನೀರು ಹೋಯಿತು, ಗಂಟು ಬಿಚ್ಚಲಿಲ್ಲ.
ಬಟ್ಟಲಲ್ಲಿ ನೆನೆದ ರಟ್ಟು.
ಅತ್ತೆ ಉಗುಳಿ, ಬಾಯಿ ಮುಕ್ಕಳಿಸಿ,
ದಫ್ತರಿನಲ್ಲಿ ದಿನಾ ಬರೆದದ್ದು ಒಂದೇ ಮಾತು:
ಪರವಾಗಿಲ್ಲ.

ಈಗ ಹೊಸೆಯುವುದು ನಾನು.
ಹಿಟ್ಟು ನಾದಿದಂತಲ್ಲ, ಬಟ್ಟೆ ಹಿಂಡಿದಂತೆಯೂ ಅಲ್ಲ,
ಮಗುವಿನ ಬೆನ್ನು ತಿಕ್ಕುವ ಕೈಯ ಭಾರ.
ಎಲೆಯೊಳಗೆ ಬೇರೆ ಬೇರೆ ಕೋಣೆಯಲ್ಲಿದ್ದವರು,
ಇಲ್ಲಿ ಒಗರು, ಅಲ್ಲಿ ಕಿಣ್ವ, ನಡುವೆ ತೆಳುಪೊರೆಯ ಗೋಡೆ;
ಗೋಡೆ ಬಿದ್ದು ಮುಖಾಮುಖಿಯಾಗುತ್ತಾರೆ,
ಸಾಕ್ಷಿಗೆ ಗಾಳಿ.
ಕಚ್ಚಿಟ್ಟ ಸೇಬು ಕಂದಾಗುವುದೂ ಹೀಗೇ.
ನನ್ನ ಅಂಗೈಯೂ ಕಂದಾಗಿದೆ. ತಮ್ಮನ ಮದುವೆಗೆ
ನಿಂಬೆ ತಿಕ್ಕಿದರೂ ಹೋಗಲಿಲ್ಲ;
ಬೀಗರು ನೋಡಿದರು, ಕೇಳಲಿಲ್ಲ.

ಹೊಸೆದ ಎಲೆಗೆ ಒದ್ದೆ ಬಟ್ಟೆ ಹೊದಿಸಿ ಕೂರುತ್ತೇವೆ.
ಮೊದಲು ಹುಟ್ಟುವುದು ಥಿಯಾಫ್ಲೇವಿನ್,
ಬಟ್ಟಲಂಚಿನ ಹೊಂಬಣ್ಣದ ಉಂಗುರ, ನಾಲಿಗೆಯ ಚುರುಕು.
ಬಿಟ್ಟರೆ ಒಂದಕ್ಕೊಂದು ತೆಕ್ಕೆಬಿದ್ದು ಥಿಯಾರೂಬಿಜಿನ್,
ಕೆಂಪು, ಮೈತುಂಬಿದ ರುಚಿ. ಇನ್ನೂ ಬಿಟ್ಟರೆ ಮಂಕು.
ಅತ್ತೆ ಇದನ್ನು ರಷ್ಯನ್ನಿನಲ್ಲಿ ಕಲಿತವಳು.
ನಮ್ಮ ಮಾತಿನಲ್ಲಿ ಹೇಳುವಾಗ ಮಾತ್ರ
ಚಿನ್ನ, ತಾಮ್ರ, ತುಕ್ಕು ಎನ್ನುತ್ತಾಳೆ.
ಗಡಿಯಾರ ನಂಬಬೇಡ, ಮಂಜಿನ ದಿನ ಬೇರೆ, ಬಿಸಿಲ ದಿನ ಬೇರೆ,
ಮೂಗನ್ನು ನಂಬು.

ಮೂಗೇ ಹೋಗಿದೆ ಅವಳದು.
ಹೋದ ಚಳಿಗಾಲದ ಜ್ವರ ಒಯ್ದುಬಿಟ್ಟಿತು.
ಹಾಲು ಸೀದರೂ ತಿಳಿಯದು.

ಅದಕ್ಕೇ ತೆಕ್ಲಾ, ನನ್ನ ಮಗಳು, ಏಳು ವರ್ಷ.
ಬಟ್ಟೆ ಎತ್ತಿ ಮೂಗು ತೂರಿಸುತ್ತಾಳೆ.
ಏನು?
ಸೌತೆಕಾಯಿ.
ತಾಳು ಇನ್ನೂ.
ಅರ್ಧ ಗಂಟೆ. ಏನು?
ಹಸಿರು ಸೇಬಿನ ಸಿಪ್ಪೆ.
ತಾಳು.
ನಾನು ಒಲೆಗೆ ಸೌದೆ ಒಟ್ಟಿ ತಗಡು ಕಾಯಿಸುತ್ತೇನೆ.
ಏನು?
ಮಗು ಉತ್ತರಿಸದೆ ಮತ್ತೆ ಬಗ್ಗಿತು.
ನಮ್ಮ ಟೀಚರ ಶಾಲು.

ಅತ್ತೆ ಎದ್ದ ರಭಸಕ್ಕೆ ಸ್ಟೂಲು ಉರುಳಿತು.
ಒಲೆಗೆ! ಈಗಲೇ!
ನಾನೂಲಿ ಟೀಚರು ಗುಲಾಬಿ ಅತ್ತರು ಹಚ್ಚುವುದು
ಊರಿಗೆಲ್ಲ ಗೊತ್ತು.
ತಗಡಿನ ಮೇಲೆ ಕಿಣ್ವ ಸತ್ತಿತು.
ಇನ್ನು ಆ ಎಲೆ ಅಲ್ಲಿಂದ ಮುಂದಕ್ಕೆ ಹೋಗುವುದಿಲ್ಲ.

ಬೆಳಗಿನ ಮೊದಲ ಬಟ್ಟಲು.
ಸೊರ್ರನೆ ಹೀರುತ್ತಾಳೆ, ಹಳೇ ಚಾಳಿ.
ಒಗರಿಗೆ ಮೂಗು ಬೇಡ. ಅದು ಮುಟ್ಟುವಿಕೆ,
ಜೊಲ್ಲಿನ ನುಣುಪು ಕಸಿದು ಒಸಡು ಒರಟು ಮಾಡುತ್ತದೆ.
ಇಲ್ಲಿದೆ, ಎಂದು ಕೆನ್ನೆ ಮುಟ್ಟಿ ತೋರಿಸುತ್ತಾಳೆ,
ಕಚ್ಚುತ್ತದೆ, ಆದರೆ ಹಗೆಯಿಲ್ಲ.
ಬಟ್ಟಲನ್ನು ಕಿಟಕಿಗೆ ಹಿಡಿದು ಉಂಗುರ ನೋಡುತ್ತಾಳೆ.
ಉಳಿದದ್ದು ನೀನು ಹೇಳೇ.
ತೆಕ್ಲಾ ಆಗಲೇ ಮೂರು ಚಮಚ ಜೇನು ಸುರಿದುಕೊಂಡಿದ್ದಾಳೆ.

ದಫ್ತರು ಅದೇ,
ಕಾರ್ಖಾನೆಗೆ ಬೀಗ ಬಿದ್ದ ದಿನ ಕೋಟಿನೊಳಗೆ ಕದ್ದು ತಂದದ್ದು, ಅರ್ಧ ಖಾಲಿ.
ಪರವಾಗಿಲ್ಲ, ಪರವಾಗಿಲ್ಲ, ಪರವಾಗಿಲ್ಲ.
ಅದರ ಕೆಳಗೆ ಪೆನ್ಸಿಲಿನಲ್ಲಿ
ಒಂದಕ್ಷರ ತಪ್ಪಾಗಿ, ಮೇಲೆ ಜೇನಿನ ಬೆರಳಚ್ಚು:
ಟೀಚರ ಶಾಲು.